ಪುಡಿಯಣ್ಣನ ಮೂಗು

ನನ್ನ ಭಾವ, ಅಂದರೆ ಅಕ್ಕನ ಗಂಡ, ನೆಗಡಿ ಕೆಮ್ಮಿಗೆ ಪುಡಿ ಮಾರುವ ಮನುಷ್ಯ. ಬೀದಿಯವರೆಲ್ಲ ಅವರನ್ನು ಪುಡಿಯಣ್ಣ ಅನ್ನುತ್ತಾರೆ. ಆ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ನೆಗಡಿ ಆಗುತ್ತಿದ್ದದ್ದೂ ಅವರಿಗೇ. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಾನು ಅವರ ಅಂಗಡಿಯ ಎದುರುಗಡೆ ಇರುವ ಕ್ಲಿನಿಕ್ಕಿನಲ್ಲಿ ನರ್ಸು. ಹನ್ನೆರಡು ವರ್ಷದಿಂದ ಅಕ್ಕನ ಮನೆಯಲ್ಲೇ ಇದ್ದೇನೆ, ಅವರ ಒಂದೊಂದು ಸೀನನ್ನೂ ಕಿವಿಯಾರೆ ಕೇಳಿದ್ದೇನೆ. ಭಾವ ಶುರು ಮಾಡಿದರೆ ಸಲಕ್ಕೆ ಹನ್ನೊಂದು ಸೀನುತ್ತಾರೆ. ಹತ್ತಕ್ಕೆ ನಿಂತರೆ ಅಕ್ಕ ಸೌಟು ಹಿಡಿದುಕೊಂಡು, ನಾನು ಬಾಚಣಿಗೆ ಹಿಡಿದುಕೊಂಡು, ಹನ್ನೊಂದನೆಯದು ಬರಲಿ ಅಂತ ಕಾಯುತ್ತಾ ನಿಲ್ಲುತ್ತಿದ್ದೆವು.

ಕೆಳಗೆ ಅಂಗಡಿ, ಅಂಗಡಿಯ ಹಿಂದೆ ಕುಟ್ಟುವ ಕೋಣೆ, ಅಂಗಡಿಯೊಳಗಿಂದಲೇ ಒಂದು ಕಡಿದಾದ ಮೆಟ್ಟಿಲು ಹತ್ತಿದರೆ ಅಡುಗೆಮನೆ. ಪುಡಿ ಏನೂ ಮಹಾ ರಹಸ್ಯವಲ್ಲ. ಒಣಶುಂಠಿ, ಕಾಳುಮೆಣಸು, ಹಿಪ್ಪಲಿ, ಜ್ಯೇಷ್ಠಮಧು, ಲವಂಗ, ಓಮ. ಹುರಿಯಬೇಕಾದ್ದನ್ನು ಹುರಿದು, ಕುಟ್ಟಾಣಿಯಲ್ಲಿ ಕುಟ್ಟಿ, ತೆಳುಬಟ್ಟೆಯಲ್ಲಿ ಸೋಸಿ ಡಬ್ಬಿಗೆ ತುಂಬುವುದು. ಬಿಸಿನೀರಿಗೆ ಅರ್ಧ ಚಮಚ. ಇದು ಭಾವನ ತಾಯಿ ಕಲಿಸಿದ ವಿದ್ಯೆ. ಆ ಹೆಂಗಸು ಸಾಯುವ ಮುಂಚೆ ಮಗನಿಗೆ ಮೂರು ಮಾತು ಹೇಳಿ ಹೋಗಿದ್ದರಂತೆ. ಗಿರಣಿಗೆ ಹಾಕಬೇಡ. ಕುಟ್ಟುವಾಗ ಕಿಟಕಿ ಬಾಗಿಲು ತೆರೆಯಬೇಡ, ಗಾಳಿ ತಾಗಿದರೆ ಗುಣ ಹಾರಿಹೋಗುತ್ತದೆ. ಹದ ನೋಡುವುದಕ್ಕೆ ಕಣ್ಣನ್ನು ನಂಬಬೇಡ, ಮೂಗನ್ನು ನಂಬು.

ಭಾವ ಈ ಮೂರನ್ನೂ ಕಲ್ಲಿನಲ್ಲಿ ಕೆತ್ತಿದ ಹಾಗೆ ಪಾಲಿಸುತ್ತಿದ್ದರು. ಪ್ರತಿ ಬುಧವಾರ ಆ ಸಣ್ಣ ಕೋಣೆಗೆ ಹೋಗಿ, ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಮೂರು ಗಂಟೆ ಕುಟ್ಟುತ್ತಿದ್ದರು. ನಡುನಡುವೆ ಮೂಗನ್ನು ಕುಟ್ಟಾಣಿಯೊಳಕ್ಕೇ ಇಳಿಸಿ ದೀರ್ಘವಾಗಿ ಎಳೆದುಕೊಳ್ಳುತ್ತಿದ್ದರು. ಹೊರಗೆ ಬಂದಾಗ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಒಂದೇ ಬಣ್ಣ. ಮೇಲಿನಿಂದ ಅಕ್ಕ ಕೂಗುತ್ತಿದ್ದಳು, "ರೀ, ಇವತ್ತು ಶುಂಠಿ ಇನ್ನೂ ಹಸಿ ಇದೆ, ಮನೆಯೆಲ್ಲ ವಾಸನೆ, ಉಸಿರಾಡೋ ಹಾಗಿಲ್ಲ." ಭಾವ ಅದಕ್ಕೆ ಕಿವಿಗೊಡುತ್ತಿರಲಿಲ್ಲ. ಅಕ್ಕನಿಗೆ ಆ ವಾಸನೆ ಕಂಡರಾಗದು, ಗೊಣಗುವುದು ಅವಳ ಹಕ್ಕು ಅಂತ ನಾವಿಬ್ಬರೂ ಬಿಟ್ಟುಬಿಟ್ಟಿದ್ದೆವು.

ಒಂದು ಮಾತು ಮಾತ್ರ ನಿಜವಾಗಿ ಹೇಳಬೇಕು. ಭಾವ ಸುಳ್ಳು ಹೇಳಿ ಮಾರಿದವರಲ್ಲ. ಪೊಟ್ಟಣ ಕೈಗಿಡುವಾಗ ಪ್ರತಿಯೊಬ್ಬ ಗಿರಾಕಿಗೂ ಒಂದೇ ಮಾತು: "ಮೂರು ದಿನ ಕುಡೀರಿ. ಕಡಿಮೆ ಆಗ್ಲಿಲ್ಲ ಅಂದ್ರೆ ಎದುರುಗಡೆ ಕ್ಲಿನಿಕ್ಕಿಗೆ ಹೋಗಿ. ನನ್ನನ್ನ ನಂಬ್ಕೊಂಡು ಕೂರಬೇಡಿ." ನಮ್ಮ ಕ್ಲಿನಿಕ್ಕಿನ ಡಾಕ್ಟರಮ್ಮ ಆ ಒಂದು ಮಾತಿಗಾಗಿ ಅವರನ್ನು ಗೌರವಿಸುತ್ತಿದ್ದರು. ಪುಡಿಯ ಬಗ್ಗೆ ಕೇಳಿದರೆ, "ಬಿಸಿನೀರು ಗಂಟಲಿಗೆ ಹಿತ, ಜೊತೆಗೆ ಇರೋದು ಪಕ್ಕವಾದ್ಯ" ಅಂದು ನಗುತ್ತಿದ್ದರು.

ಹೋದ ವರ್ಷ ಚಳಿಯಲ್ಲಿ ಭಾವನ ನೆಗಡಿ ಎದೆಗಿಳಿಯಿತು. ಮೊದಲ ದಿನ ಪುಡಿ ಎರಡು ಸಲ, ಎರಡನೇ ದಿನ ನಾಲ್ಕು ಸಲ, ಮೂರನೇ ದಿನ ಸಾಲದು ಅಂತ ಹೊಸದಾಗಿ ಕುಟ್ಟಿ ಆರು ಸಲ. ನಾನು ಗಲಾಟೆ ಮಾಡಿದರೆ, "ನೀನು ಇಂಗ್ಲಿಷ್ ಔಷಧಿಯವಳು, ಸುಮ್ನಿರಮ್ಮ" ಅಂದರು. ಏಳನೇ ದಿನ ತುಟಿ ನೀಲಿ. ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದೆವು. ನ್ಯುಮೋನಿಯಾ. ಒಂಬತ್ತು ದಿನ ಮಲಗಿದ್ದರು. ಆ ಒಂಬತ್ತು ದಿನ ಅಕ್ಕ ಯಾರ ಜೊತೆಯೂ ಜಗಳ ಆಡಲಿಲ್ಲ. ನನಗೆ ಅದೇ ಹೆಚ್ಚು ಹೆದರಿಕೆ ಆಯಿತು.

ಮನೆಗೆ ಬಂದ ದಿನ ಅಕ್ಕ ಅಂಗೈಯಗಲದ ಒಂದು ಬೀಗ ತಂದು ಮೆಟ್ಟಿಲ ಪಕ್ಕದ ಮೊಳೆಗೆ ನೇತುಹಾಕಿದಳು.

"ಇನ್ನೊಂದು ಸಲ ಆ ನೆಗಡಿ ಬಂದ್ರೆ ಅಂಗಡಿಗೆ ಇದೇ ಬೀಗ. ಕೀ ನನ್ನ ಹತ್ರ ಇರುತ್ತೆ."

"ಸೀನೇ ಬಾರದಿರೋ ಮನುಷ್ಯ ಎಲ್ಲಾದ್ರೂ ಇದ್ದಾನೇನೇ?" ಅಂದರು ಭಾವ.

"ಒಂದೆರಡು ಸೀನು ಯಾರಿಗಾದ್ರೂ ಬರುತ್ತೆ. ಅದು ಲೆಕ್ಕಕ್ಕಿಲ್ಲ. ಹನ್ನೊಂದು ಕೇಳಿಸ್ತು ಅಂದ್ರೆ ಕೆಳಗಿಳಿದು ಬರ್ತೀನಿ."

ಭಾವನ ಮುಖ ಸಪ್ಪಗಾಯಿತು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಪುಡಿಯಣ್ಣನಿಂದ ಪುಡಿ ತೆಗೆದುಬಿಟ್ರೆ ಉಳಿಯೋದು ಏನಮ್ಮ? ಬರೀ ಅಣ್ಣ. ಅಂಥವರು ಬೀದೀಲಿ ನೂರು ಜನ ಇದ್ದಾರೆ." ನಾನು ನಕ್ಕೆ. ಅವರು ನಗಲಿಲ್ಲ. ನಾಲ್ಕನೇ ವಯಸ್ಸಿನಲ್ಲಿ ತಾಯಿಯ ಪಕ್ಕ ಕೂತು ಪೊಟ್ಟಣ ಕಟ್ಟಲು ಕಲಿತವರು, ಐವತ್ತೆರಡರವರೆಗೂ ಬೇರೆ ಏನನ್ನೂ ಕಲಿಯದವರು. ಅಂಗಡಿ ಹೋದರೆ ಅವರ ಕೈ ಎಲ್ಲಿಡಬೇಕು ಅಂತ ಅವರಿಗೇ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಭಾವ ನೆಗಡಿಯ ಮೇಲೆ ಯುದ್ಧಕ್ಕೇ ಇಳಿದರು. ರೋಗನಿರೋಧಕ ಶಕ್ತಿ ಬೆಳೆಸುತ್ತೇನೆ ಅಂತ ದಿನಕ್ಕೆ ನಾಲ್ಕು ಲೋಟ. ಅಷ್ಟು ಕುಡಿಯಬೇಕಾದರೆ ಅಷ್ಟು ಕುಟ್ಟಬೇಕು. ಬುಧವಾರದ ಜೊತೆಗೆ ಶನಿವಾರವೂ ಕುಟ್ಟಲು ಶುರುವಾಯಿತು. ಮೊದಲು ವಾರಕ್ಕೊಂದು ಸಲ ಬರುತ್ತಿದ್ದ ಸೀನು ಎರಡು ಸಲ ಬರತೊಡಗಿತು. ಎರಡು ಸಲ ಬಂತು ಅಂತ ಲೋಟ ಐದಾಯಿತು.

ಈಗ ಸೀನನ್ನು ಅಕ್ಕನ ಕಿವಿಗೆ ಬೀಳದ ಹಾಗೆ ಬಚ್ಚಿಡಬೇಕಲ್ಲ. ಅಂಗಡಿಯ ಮಗ್ಗುಲಲ್ಲಿ ಬೈಕು ರಿಪೇರಿಯ ಗ್ಯಾರೇಜು. ಮಧ್ಯೆ ಒಂದೇ ಗೋಡೆ. ಭಾವ ಗ್ಯಾರೇಜಿನವನ ಜೊತೆ ಒಪ್ಪಂದ ಮಾಡಿಕೊಂಡರು. ಮೂಗಿನಲ್ಲಿ ಚುರುಗುಟ್ಟಿದ ಕೂಡಲೇ ಭಾವ ಗೋಡೆಗೆ ಎರಡು ಸಲ ಗುದ್ದಬೇಕು, ಆ ಕಡೆ ಅವನು ಕೈಗೆ ಸಿಕ್ಕ ಬೈಕಿನ ಆಕ್ಸಿಲರೇಟರ್ ತಿರುಚಬೇಕು. ಟಕ್ ಟಕ್. ಡುರ್ರ್ರ್. ಆ ಸದ್ದಿನೊಳಗೆ ಹನ್ನೊಂದೂ ಮುಗಿದುಹೋಗುತ್ತಿತ್ತು. ಇದು ನನಗೆ ಗೊತ್ತಿತ್ತಾ ಅಂತ ಕೇಳಬೇಡಿ. ಗೊತ್ತಿತ್ತು. ಮೊದಲ ದಿನ ಕ್ಲಿನಿಕ್ಕಿನ ಕಿಟಕಿಯಿಂದ ನೋಡಿ ನಾನು ನಕ್ಕ ನಗುವಿಗೆ ಹೆದರಿ ಇಂಜೆಕ್ಷನ್ ಹಾಕಿಸಿಕೊಳ್ಳಲು ಬಂದವರು ಎದ್ದುಹೋದರು. ಅಕ್ಕನಿಗೆ ಹೇಳಿದ್ದರೆ ಅಂಗಡಿಗೆ ಬೀಗ, ಹೇಳದಿದ್ದರೆ ಭಾವನಿಗೆ ಏನಾಗುತ್ತದೋ. ನಾನು ಆ ವಯಸ್ಸಾದ ಮಗುವಿನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ, ದಿನಾ ಬೆಳಿಗ್ಗೆ ಅವರ ಎದೆಗೆ ಸ್ಟೆತಸ್ಕೋಪ್ ಇಟ್ಟು ನನ್ನ ಸಮಾಧಾನ ನಾನು ಮಾಡಿಕೊಂಡೆ.

ಅಕ್ಕ ಊಟಕ್ಕೆ ಬಡಿಸುತ್ತಾ, "ಪಾಪ, ಗ್ಯಾರೇಜಿನವನಿಗೆ ಈಚೆಗೆ ಕೈತುಂಬ ಕೆಲಸ ಬಂದಿದೆ. ಬುಧವಾರ ಶನಿವಾರ ಅಂತೂ ಕಿವಿ ಕಿತ್ತುಹೋಗುತ್ತೆ" ಅಂದಳು. ಭಾವನ ಗಂಟಲಲ್ಲಿ ಅನ್ನ ಸಿಕ್ಕಿಕೊಂಡಿತು. ನಾನು ತಟ್ಟೆಯೊಳಗೇ ಮುಖ ಇಟ್ಟೆ.

ಹೀಗೆ ಎರಡು ತಿಂಗಳು. ಆಮೇಲೆ ಆ ಬುಧವಾರ ಬಂತು.

ಕ್ಲಿನಿಕ್ಕಿನಲ್ಲಿ ಆಗ ರೋಗಿಗಳಿಲ್ಲ. ಡಾಕ್ಟರಮ್ಮ ಚಹಾ ಕುಡಿಯುತ್ತಾ, "ನಿಮ್ಮ ಭಾವ ಹೇಗಿದ್ದಾರೆ?" ಅಂದರು. ನನಗೆ ಒಳಗೆ ಇಟ್ಟುಕೊಂಡು ಇಟ್ಟುಕೊಂಡು ಸಾಕಾಗಿತ್ತು. ಗೋಡೆ, ಗುದ್ದು, ಬೈಕು, ಬುಧವಾರ, ಶನಿವಾರ, ಎಲ್ಲ ಹೇಳಿಬಿಟ್ಟೆ. ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

"ಬುಧವಾರ ಶನಿವಾರಾನೇ ಯಾಕೆ?"

"ಅದು ಕುಟ್ಟೋ ದಿನ ಮೇಡಂ."

"ಅಲ್ಲಮ್ಮ, ಸೀನು ಬರೋ ದಿನ ಕೇಳ್ತಿದೀನಿ."

"ಅದೇ ಮೇಡಂ. ಬುಧವಾರ, ಶನಿವಾರ."

ಹೇಳಿ ಮುಗಿಸುವಷ್ಟರಲ್ಲಿ ನನಗೇ ಹೊಳೆಯಿತು. ಹಣೆ ಚಚ್ಚಿಕೊಂಡೆ. ಕ್ಲಿನಿಕ್ಕಿಗೆ ಬರುವ ಪ್ರತಿ ರೋಗಿಯ ಚೀಟಿಯಲ್ಲಿ ಹೆಸರು, ವಯಸ್ಸು ಆದ ಮೇಲೆ ನಾನೇ ಕೇಳಿ ಬರೆಯುವ ಪ್ರಶ್ನೆ, ಏನು ಕೆಲಸ ಮಾಡ್ತೀರಿ? ಹಿಟ್ಟಿನ ಗಿರಣಿಯವನು ಬಂದರೆ ಡಾಕ್ಟರಮ್ಮ ಮೊದಲು ಧೂಳಿನ ಬಗ್ಗೆ ಕೇಳುತ್ತಾರೆ, ಬಡಗಿ ಬಂದರೂ ಅದೇ. ಹನ್ನೆರಡು ವರ್ಷದಲ್ಲಿ ಎಷ್ಟು ಸಾವಿರ ಚೀಟಿ ಬರೆದಿದ್ದೇನೋ. ಮನೆಯಲ್ಲಿ ಒಬ್ಬ ಮನುಷ್ಯ ಮುಚ್ಚಿದ ಕೋಣೆಯಲ್ಲಿ ಮೆಣಸಿನ ಧೂಳು, ಶುಂಠಿಯ ಧೂಳು ಎಳೆದುಕೊಂಡು ಕೂತಿದ್ದರೆ ಒಂದು ದಿನವೂ ಕೇಳಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆಯಲ್ಲಿ ಚಾಪೆ ಹಾಸಿಕೊಂಡು ಕೂತವಳು ನಾನೇ.

"ಓಡು, ಹೋಗಿ ನಿಲ್ಲಿಸು" ಅಂದರು ಡಾಕ್ಟರಮ್ಮ. ಅಷ್ಟರಲ್ಲಿ ಎದುರುಗಡೆಯಿಂದ ಕೇಳಿಸಿತು. ಟಕ್ ಟಕ್. ಬೈಕಿನ ಸದ್ದಿಲ್ಲ. ಮತ್ತೆ ಟಕ್ ಟಕ್ ಟಕ್. ಗ್ಯಾರೇಜಿನ ಬಾಗಿಲಲ್ಲಿ ಒಂದು ಸ್ಟೂಲು ಅಡ್ಡ ಇಟ್ಟಿತ್ತು, ಅವನು ಊಟಕ್ಕೆ ಹೋಗಿದ್ದ. ಆಮೇಲೆ ಬಂತು ನೋಡಿ, ಬೀದಿಗೆ ಬೀದಿಯೇ ತಿರುಗಿ ನೋಡುವ ಹಾಗೆ. ಒಂದು, ಎರಡು, ಮೂರು. ನಾನು ರಸ್ತೆ ದಾಟುವಾಗ ಏಳು. ಅಂಗಡಿಯ ಕಟ್ಟೆ ಹತ್ತುವಾಗ ಹತ್ತು. ಒಂದು ಕ್ಷಣ ಎಲ್ಲ ನಿಶ್ಶಬ್ದ. ದೇವರೇ, ಹತ್ತಕ್ಕೆ ನಿಲ್ಲಿಸಪ್ಪಾ ಅಂದುಕೊಂಡೆ. ಹನ್ನೊಂದು.

ಅಕ್ಕ ಮೆಟ್ಟಿಲಿಳಿದು ಬಂದಳು. ಮೊಳೆಯಿಂದ ಬೀಗ ತೆಗೆದುಕೊಂಡಳು. ಭಾವ ಕೋಣೆಯಿಂದ ಹೊರಗೆ ಬಂದರು, ಮೂಗು ಕೆಂಪು, ಹುಬ್ಬು ಹಳದಿ, ಕೈಯಲ್ಲಿ ಒನಕೆ.

"ಗ್ಯಾರೇಜಿನವನಿಗೆ ಇವತ್ತು ಕೆಲಸ ಇಲ್ವಾ?" ಅಂದಳು ಅಕ್ಕ.

ಅಂದರೆ ಅವಳಿಗೆ ಎಲ್ಲ ಗೊತ್ತಿತ್ತು. ಎರಡು ತಿಂಗಳು ನಾವು ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಕುಡಿದಿದ್ದೆವು. ಭಾವ ತಲೆ ತಗ್ಗಿಸಿದರು. ನನಗೆ ಆ ಹೊತ್ತಿನಲ್ಲೂ ನಗು ಬಂತು, ನನ್ನ ಬಾಯಿಗೆ ಬೆಂಕಿ ಬೀಳ. ಆದರೆ ಅಕ್ಕ ಅಂಗಡಿಯ ಬಾಗಿಲ ಕಡೆ ಹೋಗಲಿಲ್ಲ, ಕುಟ್ಟುವ ಕೋಣೆಯ ಕಡೆ ತಿರುಗಿದಳು.

"ಅತ್ತೆ ಕೊನೇ ದಿನಾನೂ ಇದೇ ಕೋಣೇಲಿ ಕೂತು ಕೆಮ್ತಿದ್ರು" ಅಂದಳು. "ಪುಡಿ ಸ್ವಲ್ಪ ಜಾಸ್ತಿ ಹಾಕಮ್ಮ ಅಂತಿದ್ರು. ನಾನು ಹಾಕಿಕೊಡ್ತಿದ್ದೆ. ಎಂಟು ವರ್ಷ ಅವರ ಬೆನ್ನು ನೀವಿದೀನಿ ನಾನು. ಈಗ ನಿಮ್ಮ ಬೆನ್ನು ನೀವಕ್ಕೆ ನನ್ನ ಕೈಲಿ ಆಗಲ್ಲ. ಅಂಗಡಿ ಹೋದ್ರೆ ಹೋಗಲಿ. ನೀವಿರಿ ಸಾಕು."

ಭಾವ ಒನಕೆ ಕೆಳಗಿಟ್ಟರು.

ಆಗ ನಾನು ನಡುವೆ ಬಾಯಿ ಹಾಕಿದೆ. ಅಂಗಡಿಗೆ ಬೇಡ, ಆ ಕೋಣೆಗೆ ಮಾತ್ರ ಬೀಗ ಹಾಕು, ಮೂರು ವಾರ ಸಾಕು ಅಂದೆ. ಡಬ್ಬಿಯಲ್ಲಿ ಇರುವ ಪುಡಿ ಮಾರಲಿ, ಕುಡಿಯಲಿ, ಕುಟ್ಟುವುದು ಮಾತ್ರ ಬೇಡ. ಧೂಳಿನ ವಿಷಯ ಹೇಳಿದೆ. ಭಾವ ಮೊದಲು ನಂಬಲಿಲ್ಲ. "ಔಷಧಿಯಿಂದ ಯಾರಿಗಾದ್ರೂ ಕಾಯಿಲೆ ಬರುತ್ತಾ?" ಅಂದರು. "ಹೊಟ್ಟೆಗೆ ಹೋಗಬೇಕಾದ್ದು ಶ್ವಾಸಕೋಶಕ್ಕೆ ಹೋದ್ರೆ ಬರದೆ ಇರುತ್ತಾ ಭಾವ? ಪುಡಿಗೆ ಸೋಸೋ ಬಟ್ಟೆ ಇಟ್ಟಿದೀರಿ, ನಿಮ್ಮ ಮೂಗಿಗೆ ಇಲ್ಲ" ಅಂದೆ. ಅಕ್ಕ ನಮ್ಮಿಬ್ಬರ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ಕೋಣೆಯ ಬಾಗಿಲಿಗೆ ಬೀಗ ಜಡಿದಳು.

ಮೂರು ವಾರ ಒಂದೂ ಸೀನಿಲ್ಲ. ಗ್ಯಾರೇಜಿನವನು ಎರಡು ಸಲ ಬಂದು, "ಅಣ್ಣ, ಏನಾದ್ರೂ ಬೇಜಾರಾ? ಗೋಡೆ ಗುದ್ದೋದೇ ಬಿಟ್ಟಿದೀರಿ" ಅಂತ ವಿಚಾರಿಸಿಕೊಂಡು ಹೋದ. ಭಾವನ ಮುಖದಲ್ಲಿ ಬಣ್ಣ ಬಂತು, ಮೆಟ್ಟಿಲು ಒಂದೇ ಉಸಿರಿಗೆ ಹತ್ತತೊಡಗಿದರು. ಇಷ್ಟು ಚೆನ್ನಾಗಿರುವುದಕ್ಕೆ ಅವರಿಗೆ ತುಂಬ ಅವಮಾನವಾಯಿತು. ಯಾರಾದರೂ "ಏನು ಪುಡಿಯಣ್ಣ, ಕಳೆ ಬಂದಿದೆ" ಅಂದರೆ ಸುಮ್ಮನೆ ಒಂದು ಸಲ ಕೆಮ್ಮಿ ತೋರಿಸುತ್ತಿದ್ದರು.

ಡಾಕ್ಟರಮ್ಮ ಮಾಸ್ಕು ಕೊಟ್ಟು, ಕಿಟಕಿ ತೆರೆದು, ಫ್ಯಾನು ಹೊರಮುಖವಾಗಿ ಇಟ್ಟು ಕುಟ್ಟಲಿ ಅಂದರು. ಭಾವ ಹಾಗೇ ಮಾಡಿದರು. ಸೀನು ಬರಲಿಲ್ಲ. ಆದರೆ ಓಮ ಕರಟಿಹೋಯಿತು. ಮಾಸ್ಕಿನೊಳಗೆ ಯಾವ ವಾಸನೆಯೂ ಬಾರದು, ಹದ ಹೇಗೆ ತಿಳಿಯಬೇಕು? ಕುಟ್ಟಿದ್ದನ್ನು ಪೂರ್ತಿ ಸುರಿದುಬಿಟ್ಟರು. ಮರುವಾರ ಲವಂಗ ಕೆಟ್ಟಿತು, ಅದನ್ನೂ ಸುರಿದರು. ಡಬ್ಬಿ ತಳ ಕಾಣುತ್ತಿತ್ತು. ಗಿರಾಕಿಗಳಿಗೆ "ನಾಳೆ ಬನ್ನಿ" ಅಂದು ಅಂದು ನಾಲಿಗೆ ಒಣಗಿತು. "ಮೂಗು ಉಳೀತು ಕಣಮ್ಮ, ಕಸುಬು ಹೋಯ್ತು" ಅಂತ ನನ್ನ ಹತ್ತಿರ ಹೇಳಿ ಕಣ್ಣು ಒರೆಸಿಕೊಂಡರು.

ಮೂರನೇ ವಾರ ಮತ್ತೆ ಕೂತರು. ಬಾಣಲೆಗೆ ಓಮ ಹಾಕಿದರು. ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ, ಅದೂ ಅಳುವ ಹಾಗೆ. ನಾನು ಬಾಗಿಲಲ್ಲಿ ನಿಂತಿದ್ದೆ. ಆಗ ಮೇಲಿನಿಂದ ಅಕ್ಕ, ಎಂದಿನ ಹಾಗೇ, ಸಿಡುಕಿಕೊಂಡು ಕೂಗಿದಳು.

"ರೀ, ಸಾಕು ಇಳಿಸಿ, ಇನ್ನೊಂದು ಕ್ಷಣ ಬಿಟ್ರೆ ಹೊತ್ತುತ್ತೆ."

ಭಾವ ಗಕ್ಕನೆ ಬಾಣಲೆ ಇಳಿಸಿದರು. ಒಂದು ಚಿಟಿಕೆ ತೆಗೆದು, ಮಾಸ್ಕು ಸರಿಸಿ, ಹಲ್ಲಿನಲ್ಲಿ ಕಚ್ಚಿ ನೋಡಿದರು. ನನ್ನ ಕಡೆ ತಿರುಗಿದರು. ಅವರಮ್ಮನ ಕಾಲದ ಅದೇ ಹದ.

"ಇಪ್ಪತ್ತು ವರ್ಷದಿಂದ ಇವಳು ಬೈತಿದ್ದಾಳೆ ಅಂದ್ಕೊಂಡಿದ್ನಲ್ಲಮ್ಮ" ಅಂದರು.

"ಬೈತಾನೂ ಇದ್ದೆ" ಅಂದಳು ಅಕ್ಕ ಮೇಲಿನಿಂದ. "ಈಗ ಆ ಶುಂಠಿ ಹಾಕಿ. ನಿಧಾನ. ಉರಿ ಸಣ್ಣ ಮಾಡಿ, ಕೇಳಿಸ್ತಾ?"

ಅವತ್ತು ಭಾವ ಕುಟ್ಟಿದ ರಭಸಕ್ಕೆ ಪಕ್ಕದ ಗ್ಯಾರೇಜಿನವನು ಅಭ್ಯಾಸಬಲದಿಂದ ಬೈಕು ಸ್ಟಾರ್ಟ್ ಮಾಡಿಬಿಟ್ಟ. ನಾವು ಮೂವರೂ, ಒಬ್ಬಳು ಮೇಲೆ, ಒಬ್ಬರು ಒಳಗೆ, ಒಬ್ಬಳು ಬಾಗಿಲಲ್ಲಿ, ಹೊಟ್ಟೆ ಹುಣ್ಣಾಗುವವರೆಗೆ ನಕ್ಕೆವು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಗಾದೆ. ನಮ್ಮ ಮನೆಯಲ್ಲಿ ಮದ್ದು ಇದ್ದದ್ದು ಮಹಡಿಯ ಮೇಲೆ.

ಮೊನ್ನೆ ಮೊನ್ನೆ ಭಾವ ಕೊಡೆ ಮರೆತು ಹೋಗಿ ಮಳೆಯಲ್ಲಿ ನೆನೆದು ಬಂದರು. ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಒಂದು ಸೀನು. ಅಕ್ಕ ಒಲೆ ಆರಿಸಿದಳು. ಎರಡು. ನಾನು ಚಪ್ಪಲಿ ಹಾಕುತ್ತಿದ್ದವಳು ಹಾಗೇ ನಿಂತೆ. ಮೂರು. ಕಾದೆವು. ಕೆಳಗೆ ಭಾವನೂ ಉಸಿರು ಬಿಗಿಹಿಡಿದು ಕಾಯುತ್ತಿದ್ದರು ಅಂತ ಕಾಣುತ್ತದೆ. ನಾಲ್ಕನೆಯದು ಬರಲೇ ಇಲ್ಲ.

ಅಕ್ಕ ಕೆಳಗಿಳಿದಳು. ಮೊಳೆಯ ಮೇಲೆ ಈಗ ಬೀಗ ಇಲ್ಲ, ಭಾವನ ಮಾಸ್ಕು ನೇತಾಡುತ್ತದೆ. ಅವಳು ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ, ಭಾವನನ್ನು ಎಬ್ಬಿಸಿ, ಗಿರಾಕಿಗಳ ಸ್ಟೂಲಿನ ಮೇಲೆ ಕೂರಿಸಿದಳು. ಫ್ಲಾಸ್ಕಿನ ಬಿಸಿನೀರಿಗೆ ಅಳೆದು ಅರ್ಧ ಚಮಚ ಪುಡಿ ಹಾಕಿದಳು. ಅವರು ಇನ್ನೊಂದು ಚಮಚಕ್ಕೆ ಕೈ ಚಾಚಿದರು. ಆ ಕೈಗೆ ಪಟ್ಟನೆ ಒಂದೇಟು ಬಿತ್ತು.

"ಮೂರು ದಿನ ಕುಡೀರಿ" ಅಂದಳು ಅಕ್ಕ, ಥೇಟ್ ಅವರದೇ ಧಾಟಿಯಲ್ಲಿ. "ಕಡಿಮೆ ಆಗ್ಲಿಲ್ಲ ಅಂದ್ರೆ ಎದುರುಗಡೆ ಕ್ಲಿನಿಕ್ಕಿಗೆ ಹೋಗಿ. ನನ್ನನ್ನ ನಂಬ್ಕೊಂಡು ಕೂರಬೇಡಿ."

ಭಾವ ನಗಲು ಹೋದರು. ನಗು ಅರ್ಧಕ್ಕೆ ನಿಂತಿತು. ಲೋಟದೊಳಗೆ ನೋಡುತ್ತಾ, "ಅಮ್ಮಂಗೂ ಇದನ್ನ ಯಾರಾದ್ರೂ ಹೇಳಬೇಕಿತ್ತು" ಅಂದರು.

"ಕುಡೀರಿ, ಆರಿಹೋಗುತ್ತೆ" ಅಂದಳು ಅಕ್ಕ.

ನಾಲ್ಕನೇ ದಿನ ಬೆಳಿಗ್ಗೆ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಬ್ಬರೇ, ರಸ್ತೆ ದಾಟಿ ಕ್ಲಿನಿಕ್ಕಿಗೆ ಬಂದರು. ಬೆಂಚಿನ ಮೇಲೆ ಅವರದೇ ನಾಲ್ಕು ಗಿರಾಕಿಗಳು ಕೂತಿದ್ದರು. ಎಲ್ಲರೂ ಸರಿದು ಜಾಗ ಬಿಟ್ಟರು. ಅವರ ಸರದಿ ಬಂದಾಗ ನಾನು ಹೊಸ ಚೀಟಿ ತೆಗೆದೆ. ಹೆಸರು ಬರೆದೆ, ವಯಸ್ಸು ಬರೆದೆ.

"ಏನು ಕೆಲಸ ಮಾಡ್ತೀರಿ?" ಅಂದೆ.

"ಪುಡಿ ಕುಟ್ತೀನಿ" ಅಂದರು ಭಾವ. "ಮೂವತ್ತೈದು ವರ್ಷ ಆಯ್ತು. ಇಷ್ಟು ದಿನ ಮೂಗಿಗೆ ಬಟ್ಟೆ ಕಟ್ತಿರಲಿಲ್ಲ. ಅದನ್ನೂ ಬರ್ಕೊಳ್ಳಮ್ಮ."

ಬರೆದುಕೊಂಡೆ. ಡಾಕ್ಟರಮ್ಮ ಎದೆ, ಬೆನ್ನು, ಗಂಟಲು ಎಲ್ಲ ನೋಡಿ, "ಎದೆ ಚೊಕ್ಕವಾಗಿದೆ. ಬರೀ ನೆಗಡಿ, ಎಲ್ಲರಿಗೂ ಬರೋ ಅಂಥದ್ದು. ಮನೆಗೆ ಹೋಗಿ" ಅಂದರು. ಭಾವ ಹೊರಗೆ ಬಂದು, ರಸ್ತೆಯ ನಡುವೆ ನಿಂತು, ಅಡುಗೆಮನೆಯ ಕಿಟಕಿಯ ಕಡೆ ಮುಖ ಎತ್ತಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿ ಹೇಳಿದರು, "ಬರೀ ನೆಗಡಿಯಂತೆ ಕಣೇ, ಎಲ್ಲರಿಗೂ ಬರೋ ಅಂಥದ್ದಂತೆ." ಗ್ಯಾರೇಜಿನವನು ಮೂರು ಬೈಕು ಒಟ್ಟಿಗೆ ಸ್ಟಾರ್ಟ್ ಮಾಡಿದ. ಅಕ್ಕ ಕಿಟಕಿಯಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡು, ಮಳೆ ಬರುತ್ತೆ, ಒಳಗೆ ಬನ್ನಿ ಅಂತ ಬೈದಳು.